ಗಾಜಿನ ಹಿಂದೆ ನಾಲ್ಕನೆಯವನು

ಮಿಸ್ಟರ್ ಕ್ರೇನ್ ಲಿಫ್ಟಿನೊಳಕ್ಕೆ ಕಾಲಿಟ್ಟವರೇ ಕೈಗವಸು ಕಳಚುತ್ತ, "ಏನಯ್ಯ ಆಬ್ನರ್, ಮೇಲ್ಗಡೆ ಚಳಿ ಹ್ಯಾಗಿದೆ ಇವತ್ತು?" ಎಂದು ಕೇಳಿದರು. "ಹದಿನಾಲ್ಕನೇ ಮಹಡೀಲಿ ಸ್ವಲ್ಪ ಜಾಸ್ತಿ ಸರ್," ಎಂದ ಆಬ್ನರ್ ಟಾಲಿವರ್. ಮಿಸ್ಟರ್ ಕ್ರೇನ್ ನಕ್ಕರು, ಆಬ್ನರನೂ ನಕ್ಕ. ಹನ್ನೊಂದು ವರ್ಷದಿಂದ ಪ್ರತಿ ಬೆಳಿಗ್ಗೆ ಇದೇ ಪ್ರಶ್ನೆ, ಇದೇ ಉತ್ತರ, ಇಷ್ಟೇ ಉದ್ದದ ನಗೆ. ಈ ವಿಮಾ ಕಚೇರಿಯ ಕಟ್ಟಡದಲ್ಲಿ ಲಿಫ್ಟು ನಡೆಸುವ ಕರಿಯ ಮುದುಕ ಒಂದು ಕಾಲದಲ್ಲಿ ಕಮಾಂಡರ್ ಹಾರ್ಲೋ ಜೊತೆ ಉತ್ತರದ ಮಂಜುಗಡ್ಡೆಯ ಮೇಲೆ ನಡೆದು ಬಂದವನು ಎನ್ನುವುದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅದನ್ನು ತಮಾಷೆಯ ಮಟ್ಟಿಗೆ ಜ್ಞಾಪಕ ಇಟ್ಟುಕೊಂಡಿದ್ದರು. ಈ ಶನಿವಾರ ಮಾತ್ರ ಆಬ್ನರನ ನಗೆ ಸ್ವಲ್ಪ ಹೊತ್ತು ಜಾಸ್ತಿ ನಿಂತಿತು. ಒಳಜೇಬಿನಲ್ಲಿ ವಸ್ತುಸಂಗ್ರಹಾಲಯದ ಪತ್ರವಿತ್ತು. ಕಮಾಂಡರರ ಕೊನೆಯ ಶಿಬಿರದ ದೃಶ್ಯವನ್ನು ಮೇಣದ ಗೊಂಬೆಗಳಲ್ಲಿ ಮಾಡುತ್ತಿದ್ದೇವೆ, ಮಧ್ಯಾಹ್ನ ಬಂದು ನೋಡಿ ಸಲಹೆ ಕೊಡಬೇಕು ಎಂದು ಬರೆದಿದ್ದರು. 'ಸಲಹೆ' ಎಂಬ ಮಾತನ್ನು ಅವನ ಹೆಂಡತಿ ಲವಿನಿಯಾ ಒಂದು ವಾರದಿಂದ ಬಾಯಲ್ಲಿ ಮಿಠಾಯಿಯ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ಆಬ್ನರ್ ಬೇರೊಂದು ಮಾತನ್ನು ಅಭ್ಯಾಸ ಮಾಡುತ್ತಿದ್ದ. ನಿನ್ನ ಗೊಂಬೆಯನ್ನು ಎಲ್ಲಿ ನಿಲ್ಲಿಸೋಣ ಎಂದು ಅವರು ಕೇಳಿದಾಗ ಮೊದಲ ಸಲ ಬೇಡ ಅನ್ನಬೇಕು. "ನನ್ನದೇನು ದೊಡ್ಡದು ಸರ್." ಎರಡನೆಯ ಸಲ ಸುಮ್ಮನಿರಬೇಕು. ಮೂರನೆಯ ಸಲಕ್ಕೆ ಒಪ್ಪಬೇಕು. ಅವರು ಮೂರು ಸಲ ಕೇಳದೆ ಹೋದರೆ ಏನು ಮಾಡುವುದೆನ್ನುವ ಒಂದೇ ಚಿಂತೆ ಅವನಿಗೆ ಒಂಬತ್ತರಿಂದ ಹತ್ತನೆಯ ಮಹಡಿಯವರೆಗೆ ಕಾಡಿತು. ಹತ್ತರಲ್ಲಿ ಟೈಪು ಮಾಡುವ ಹೆಂಗಸರು ಹತ್ತಿದರು; ಅವನು ಬಾಗಿಲು ಎಳೆದ.

ತಾನು ಹೆಸರಿಗೆ ಆಸೆಪಟ್ಟವನಲ್ಲ ಎಂದು ಆಬ್ನರ್ ನಂಬಿದ್ದ. ಆಸೆಪಟ್ಟಿದ್ದರೆ ಇಪ್ಪತ್ತೈದು ವರ್ಷ ಸುಮ್ಮನಿರುತ್ತಿದ್ದನೆ? ಸುಮ್ಮನಿರದೆ ಇನ್ನೇನು ಮಾಡಬಹುದಾಗಿತ್ತು ಎಂಬ ಪ್ರಶ್ನೆಯನ್ನು ಅವನು ಅದರ ಪಕ್ಕದಲ್ಲಿ ಇಟ್ಟು ನೋಡುತ್ತಿರಲಿಲ್ಲ. ಕಮಾಂಡರರ ಪುಸ್ತಕದಲ್ಲಿ ಅವನು ಹನ್ನೆರಡು ಕಡೆ ಬರುತ್ತಾನೆ, ಹನ್ನೆರಡರಲ್ಲಿ ಒಂಬತ್ತು ಕಡೆ 'ನನ್ನ ಹುಡುಗ' ಎಂದು. ಆಗ ಹುಡುಗನಿಗೆ ಮೂವತ್ತಾರು ವಯಸ್ಸು, ತಲೆಯಲ್ಲಿ ನರೆ ಬಂದಿತ್ತು. ಜಾರುಬಂಡಿ ಕಟ್ಟಿದವನು ಅವನು, ನಾಯಿಗಳನ್ನು ಪಳಗಿಸಿದವನು ಅವನು, ಅಲ್ಲಿನ ಎಸ್ಕಿಮೋ ಜನರ ಭಾಷೆ ಕಲಿತವನು ಅವನೊಬ್ಬನೇ. ಕಮಾಂಡರರಿಗೆ ಆ ಭಾಷೆಯಲ್ಲಿ ಬರುತ್ತಿದ್ದುದು ಎರಡು ಪದ, 'ಬೇಗ' ಮತ್ತು 'ಇನ್ನೂ ಬೇಗ'. ಇತ್ತ ಕರಿಯರ ಬಡಾವಣೆ ಹಾರ್ಲೆಮ್ಮಿನಲ್ಲಿ, ಅವನ ಮೌಂಟ್ ನೆಬೋ ಚರ್ಚಿನಲ್ಲಿ, ತೊಂದರೆ ಇದರ ತಿರುವುಮುರುವು. ಅಲ್ಲಿ ಅವನು ಧ್ರುವವನ್ನೇ ಮುಟ್ಟಿ ಬಂದವನು. ವರ್ಷಕ್ಕೊಮ್ಮೆ ಪಾದ್ರಿ ರೆವರೆಂಡ್ ಹಾಸ್ಕಿನ್ಸ್ ಅವನನ್ನು ಎಬ್ಬಿಸಿ ನಿಲ್ಲಿಸಿ, ಭೂಮಿಯ ನೆತ್ತಿಯ ಮೇಲೆ ಕರಿಯ ಕಾಲಿಟ್ಟಾಗ ದೇವರು ಏನೆಂದುಕೊಂಡಿರಬಹುದು ಎಂದು ಅರ್ಧ ಗಂಟೆ ವರ್ಣಿಸುತ್ತಿದ್ದರು. ಒಮ್ಮೆ ಆಬ್ನರ್ ಅವರನ್ನು ಪಕ್ಕಕ್ಕೆ ಕರೆದು, "ಅದು ಧ್ರುವ ಅಲ್ಲ ರೆವರೆಂಡ್. ಅಲ್ಲಿಂದ ಇನ್ನೂ ಇನ್ನೂರ ಹತ್ತು ಮೈಲಿ ಇತ್ತು. ನಾವು ವಾಪಸ್ ಬಂದ್ವಿ," ಎಂದಿದ್ದ. ರೆವರೆಂಡ್ ಅವನ ಹೆಗಲ ಮೇಲೆ ಕೈಯಿಟ್ಟು, "ಬ್ರದರ್ ಟಾಲಿವರ್, ದೇವರ ಲೆಕ್ಕದಲ್ಲಿ ಇನ್ನೂರು ಮೈಲಿ ಏನು ಮಹಾ," ಎಂದಿದ್ದರು. ಮತ್ತೆ ಅವನು ತಿದ್ದಲಿಲ್ಲ. ಒಂದು ಕಡೆ ಹುಡುಗ, ಇನ್ನೊಂದು ಕಡೆ ಬೈಬಲಿನಲ್ಲಿ ಫರೋಹ ದೊರೆಗೆ ಎದುರು ನಿಂತ ಮೋಶೆ. ನಡುವೆ ಅವನ ಅಳತೆಯ ಅಂಗಿಯನ್ನು ಯಾರೂ ಹೊಲಿದಿರಲಿಲ್ಲ.

ಸಂಗ್ರಹಾಲಯದ ಹಿಂಬದಿಯ ಬಾಗಿಲಲ್ಲಿ ಡಾಕ್ಟರ್ ವಿಟ್ಕಂಬ್ ತಾವೇ ಬಂದು ಕೈಕುಲುಕಿದರು. ಉತ್ತರದ ವಿಭಾಗಕ್ಕೆ ಮುಖ್ಯಸ್ಥರು. ಉತ್ತರಕ್ಕೆ ಬಾಸ್ಟನ್ ದಾಟಿದವರಲ್ಲ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾದರೆ ಮನಸ್ಸು ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಅವರು ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು. ದೊಡ್ಡ ಗಾಜಿನ ಕೋಣೆಯ ಮುಂದಿನ ಗಾಜನ್ನು ಇನ್ನೂ ಕೂರಿಸಿರಲಿಲ್ಲ. ಹತ್ತಿ, ಸುಣ್ಣ, ಪುಡಿಮಾಡಿದ ಗಾಜು ಬೆರೆಸಿ ಹಿಮ ಮಾಡಿದ್ದರು. ಅದು ಬೇಕರಿಯ ಕೇಕಿನ ಹಾಗಿತ್ತು. ನಡುವೆ ಕಮಾಂಡರ್ ಹಾರ್ಲೋ ಬಾವುಟ ಹಿಡಿದು ನಿಂತಿದ್ದರು, ಬದುಕಿದ್ದಾಗಿನದಕ್ಕಿಂತ ನಾಲ್ಕು ಬೆರಳು ಎತ್ತರ. ಹಿಂದೆ ಸಾಲಾಗಿ ನಾಲ್ವರು, ತುಪ್ಪಳದ ಉಡುಪು, ಚಪ್ಪಟೆ ಮುಖ, ನಾಲ್ವರಿಗೂ ಒಂದೇ ಅಚ್ಚಿನ ನಗೆ. ಆಬ್ನರ್ ಎಣಿಸಿದ. ಮತ್ತೆ ಎಣಿಸಿದ. ಕೊನೆಯ ಶಿಬಿರದಲ್ಲಿ ಆರು ಜನ ಇದ್ದರು. ಇನ್ನೊಂದು ಗೊಂಬೆ ಎಲ್ಲೋ ಒಳಗೆ ಬಣ್ಣ ಒಣಗುತ್ತಿರಬೇಕು ಎಂದುಕೊಂಡು ಅವನು ಕೋಟು ಬಿಚ್ಚಿ ಕೆಲಸಕ್ಕೆ ಕೂತ. ನಾಯಿಗಳ ಹಗ್ಗವನ್ನು ಕುದುರೆಗೆ ಕಟ್ಟಿದ ಹಾಗೆ ಕಟ್ಟಿದ್ದರು. ಬಿಚ್ಚಿ ಬೀಸಣಿಗೆಯ ಹಾಗೆ ಹರಡಿ ಕಟ್ಟಿದ. ಚಾಟಿ ತಪ್ಪು ಕೈಯಲ್ಲಿತ್ತು. ಒಬ್ಬನ ಬೂಟಿನೊಳಗೆ ಚಳಿ ತಡೆಯುವ ಹುಲ್ಲಿರಲಿಲ್ಲ. ಅದನ್ನು ಹೇಳಿದಾಗ ಡಾಕ್ಟರ್ ವಿಟ್ಕಂಬ್, "ಒಳಗೆ ಯಾರು ನೋಡ್ತಾರೆ ಆಬ್ನರ್," ಎಂದು ನಕ್ಕರು. ಎರಡು ಗಂಟೆ ಅವನು ಆ ಸುಳ್ಳು ಹಿಮದ ಮೇಲೆ ಮೊಣಕಾಲೂರಿ ಗಂಟು ಹಾಕಿದ. ಬೆರಳುಗಳು ತಾವಾಗಿಯೇ ಕೆಲಸ ಮಾಡುತ್ತಿದ್ದವು. ಬೆರಳುಗಳಿಗೆ ಮರೆವಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಕೊನೆಗೆ ಡಾಕ್ಟರ್ ವಿಟ್ಕಂಬ್ ಕೆಮ್ಮಿದರು. "ನೀನು ಒಂದು ವಿಷಯ ಗಮನಿಸಿರಬೇಕು."

ಆಬ್ನರ್ ಎದ್ದು ನಿಂತ. ಬಂತು ಎಂದುಕೊಂಡ.

"ಜಾಗ ಸಾಲ್ತಾ ಇಲ್ಲ ನೋಡು. ಗಾಜಿನ ಅಳತೆ ಮೊದಲೇ ನಿಶ್ಚಯ ಆಗಿಬಿಟ್ಟಿತ್ತು. ನಾನು ಶಿಲ್ಪಿಗೆ ಹೇಳಿದೆ, ಆಬ್ನರ್ ಕೂಡ ಇದ್ದ ಅಲ್ವಾ ಅಂತ. ಅವನು ಹೇಳೋದೂ ನಿಜ. ಹಿಮದ ಮಧ್ಯೆ ಒಬ್ಬ ಕರಿಯ ನಿಂತಿದ್ರೆ ಅದಕ್ಕೊಂದು ವಿವರಣೆ ಬೇಕಾಗುತ್ತೆ. ನೋಡೋರ ಗಮನ ಬಾವುಟ ಬಿಟ್ಟು ಆ ಕಡೆ ಹೋಗುತ್ತೆ."

"ನನ್ನದೇನು ದೊಡ್ಡದು ಸರ್," ಎಂದ ಆಬ್ನರ್.

ವಾರವೆಲ್ಲ ಅಭ್ಯಾಸ ಮಾಡಿದ್ದ ಮಾತು ತಪ್ಪು ಜಾಗದಲ್ಲಿ, ಸರಿಯಾದ ಧ್ವನಿಯಲ್ಲಿ ಹೊರಬಿತ್ತು. ಡಾಕ್ಟರ್ ವಿಟ್ಕಂಬರ ಕಣ್ಣು ತುಂಬಿ ಬಂತು. ನಿನ್ನಂಥವರು ಅಪರೂಪ ಎಂದರು. ಆ ತುಂಬಿದ ಕಣ್ಣಿನಲ್ಲೇ ಪೆನ್ಸಿಲ್ಲು ತೆಗೆದು, "ಇನ್ನೊಂದು ಉಪಕಾರ ಆಗಬೇಕು. ಈ ನಾಲ್ವರ ಹೆಸರು. ಕಮಾಂಡರರ ದಿನಚರೀಲಿ ಬರೀ ಅಡ್ಡಹೆಸರು ಇದೆ. ಜಾನಿ, ಕೆಟ್ಲು, ಕಾಲುಚೀಲ, ಮಂಗಳವಾರ ಅಂತ. ಈ ಕಾಲಕ್ಕೆ ಅದೆಲ್ಲ ಸರಿಹೋಗಲ್ಲ. ಅವರೂ ಮನುಷ್ಯರು, ಅವರಿಗೂ ಒಂದು ಹೆಸರಿರಬೇಕು. ಹಿತ್ತಾಳೆ ತಗಡಿನ ಮೇಲೆ ಕೆತ್ತಿಸ್ತೀವಿ," ಎಂದರು. ಹೆಸರಿಲ್ಲದವನ ಹತ್ತಿರ ಹೆಸರು ಕೇಳುತ್ತಿದ್ದೇವೆ ಎಂಬುದು ಅವರಿಗೆ ಹೊಳೆಯಲಿಲ್ಲ. ಆಬ್ನರನಿಗೆ ಹೊಳೆಯಿತು, ಕಹಿಯಾಗಿ, ಸ್ವಲ್ಪ ಸುಖವಾಗಿಯೂ. ಕೊಡುವವನು ನಾನು ಎಂದುಕೊಂಡ. "ಇವನು ಮಿಟೆಕ್. ಪಕ್ಕದವನು ಪುವಾಡ್ಲ. ಚಾಟಿ ಹಿಡಿದವನು ಇನುತೆಕ್," ಎಂದು ದೊರೆಯ ಹಾಗೆ ಒಂದೊಂದಾಗಿ ಬೆರಳು ತೋರಿಸಿದ. ಬೆರಳು ನಾಲ್ಕನೆಯವನ ಹತ್ತಿರ ಬಂದು ನಿಂತಿತು.

ಮಂಗಳವಾರ. ಅವನು ಶಿಬಿರಕ್ಕೆ ಬಂದು ಸೇರಿದ್ದು ಒಂದು ಮಂಗಳವಾರ. ಹೆಸರು ನಾಲಿಗೆಗೆ ತೊಡಕು ಎಂದು ಕಮಾಂಡರ್ ಹಾಗೆ ಕರೆದರು, ಆಬ್ನರನೂ ಹಾಗೇ ಕರೆದ. ಏಯ್ ಮಂಗಳವಾರ, ನಾಯಿ ನೋಡು. ಮೇಲಿನ ಎರಡು ಹಲ್ಲಿರಲಿಲ್ಲ, ನಕ್ಕರೆ ಗಾಳಿ ಮೂಗಿನಿಂದ ಹೋಗುತ್ತಿತ್ತು. ಡಬ್ಬಿಯ ಬಟಾಣಿಯನ್ನು ಒಂದೊಂದೇ ಕಾಳು ಎತ್ತಿ ತಿನ್ನುತ್ತಿದ್ದ. ಮಂಜುಗಡ್ಡೆ ಬಿರಿದು ಆಬ್ನರ್ ಸೊಂಟದವರೆಗೆ, ಎದೆಯವರೆಗೆ, ಗದ್ದದವರೆಗೆ ಇಳಿದಾಗ ನೀರು ತಣ್ಣಗಿದೆ ಎನಿಸಲೇ ಇಲ್ಲ, ಯಾರೋ ಕಬ್ಬಿಣದ ಬಾಗಿಲು ಮುಚ್ಚುತ್ತಿದ್ದಾರೆ ಎನಿಸಿತು. ತುಪ್ಪಳದ ಟೊಪ್ಪಿಗೆಯ ಸಮೇತ ತಲೆಗೂದಲಿಗೆ ಕೈಹಾಕಿ ಎಳೆದವನು ಇವನು. ಎಳೆದವನೇ ಆಬ್ನರನ ಬೂಟು ಕಳಚಿ, ತನ್ನ ಅಂಗಿ ಎತ್ತಿ, ಹೆಪ್ಪುಗಟ್ಟಿದ ಎರಡು ಪಾದಗಳನ್ನು ತನ್ನ ಬರಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತ. ಆ ಬಿಸಿ. ಮನುಷ್ಯನ ಹೊಟ್ಟೆಗೆ ಅಷ್ಟು ಬಿಸಿ ಇರುತ್ತದೆಂದು ಆಬ್ನರನಿಗೆ ಗೊತ್ತಿರಲಿಲ್ಲ. ಪಾದ ಹಿಡಿದವನು ಹಲ್ಲು ಕಡಿಯುತ್ತಲೇ ಒಂದು ಪೋಲಿ ಕತೆ ಹೇಳಿದ, ಒಬ್ಬಳು ಮುದುಕಿ ಮತ್ತು ಕಡಲಸಿಂಹದ ಕತೆ. ಕಾಲಿಗೆ ಜೀವ ಬರುವವರೆಗೆ ಮೂರು ಸಲ ಹೇಳಿದ. ಕತೆ ಪೂರ್ತಿ ನೆನಪಿದೆ. ಹೊಟ್ಟೆಯ ಮೇಲಿನ ಗಾಯದ ಗುರುತು ನೆನಪಿದೆ. ಕಮಾಂಡರರು ಆಗ ಜಾರುಬಂಡಿಯಲ್ಲಿ ಕೂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು, ಅದೂ ನೆನಪಿದೆ. ಹೆಸರು?

"ಇವನು?" ಎಂದರು ಡಾಕ್ಟರ್ ವಿಟ್ಕಂಬ್, ಪೆನ್ಸಿಲ್ಲು ಎತ್ತಿ.

ನೆನಪಿನ ತಳದಲ್ಲಿ ತಡಕಾಡುತ್ತಿದ್ದ ಮನಸ್ಸು ಆ ಜನರ ಭಾಷೆಯಲ್ಲೇ ತಡಕಾಡುತ್ತಿತ್ತು. ಉತ್ತರವೂ ಅದೇ ಭಾಷೆಯಲ್ಲಿ ಹೊರಟುಬಿಟ್ಟಿತು. "ನಲುವಾರ," ಎಂದ ಆಬ್ನರ್. ಗೊತ್ತಿಲ್ಲ ನನಗೆ ಎಂದರ್ಥ.

"ನ-ಲು-ವಾ-ರ," ಎಂದು ಡಾಕ್ಟರ್ ವಿಟ್ಕಂಬ್ ಬಿಡಿಸಿ ಬರೆದುಕೊಂಡರು. "ಎಷ್ಟು ಇಂಪಾಗಿದೆ. ಏನರ್ಥ?"

ಆಗ ಹೇಳಬಹುದಾಗಿತ್ತು. ಅದಕ್ಕೆ ಬೇಕಿದ್ದುದು ಒಂದು ಉಸಿರು. ಆದರೆ ಎರಡು ಗಂಟೆಯಿಂದ ಎಲ್ಲ ಗೊತ್ತಿದ್ದವನಾಗಿ ಮೊಣಕಾಲೂರಿದ್ದವನಿಗೆ, ಗೊಂಬೆಯಾಗುವ ಅರ್ಹತೆಯನ್ನು ಈಗಷ್ಟೇ ಕಳೆದುಕೊಂಡವನಿಗೆ, ಗೊತ್ತಿರುವುದೊಂದೇ ಉಳಿದಿತ್ತು. ಅದನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಹಳೇ ಕಾಲದ ಹೆಸರು ಸರ್," ಎಂದ.

ಮನೆಯಲ್ಲಿ ಲವಿನಿಯಾ ಗೆಣಸಿನ ಪೈ ಮಾಡಿದ್ದಳು. ಕೋಟು ತೆಗೆದುಕೊಳ್ಳುತ್ತಲೇ, "ನಿನ್ನನ್ನ ಎಲ್ಲಿ ನಿಲ್ಲಿಸಿದಾರೆ, ಕಮಾಂಡರ್ ಎಡಕ್ಕೋ ಬಲಕ್ಕೋ?" ಎಂದು ಕೇಳಿದಳು.

"ಇನ್ನೂ ಮುಗಿದಿಲ್ಲ ಕೆಲಸ," ಎಂದ. ಅದು ಸುಳ್ಳಲ್ಲ. ಮುಂದಿನ ಗಾಜು ಕೂರಿಸುವುದು ಬಾಕಿ ಇತ್ತು.

"ಬಲಕ್ಕೇ ನಿಲ್ಲಿಸಲಿ. ನಿನ್ನ ಬಲಗಡೆ ಮುಖ ಚೆನ್ನಾಗಿದೆ," ಎಂದು ಅವಳು ಪೈ ಕತ್ತರಿಸಿದಳು. ಮರುದಿನ ಚರ್ಚಿನಲ್ಲಿ ಅವಳು ಗೆಳತಿ ಸಿಸ್ಟರ್ ಒಡೆಸ್ಸಾ ಒಬ್ಬಳಿಗೇ ಹೇಳಿದಳು. ಸಿಸ್ಟರ್ ಒಡೆಸ್ಸಾಗೆ ಹೇಳಿದ ಮೇಲೆ ಗಂಟೆ ಬಾರಿಸುವ ಅಗತ್ಯವಿಲ್ಲ. ಮೂರು ವಾರದ ಮೇಲೆ, ಅನಾವರಣದ ಮಧ್ಯಾಹ್ನ, ಮೌಂಟ್ ನೆಬೋದಿಂದ ಹದಿನಾಲ್ಕು ಜನ ತಮ್ಮ ಅತ್ಯುತ್ತಮ ಹ್ಯಾಟು ಧರಿಸಿ ಬಂದಿದ್ದರು. ಅವರನ್ನು ಯಾರೂ ತಡೆಯಲಿಲ್ಲ. ಹಿಂದುಗಡೆ ಒಂದು ತಿಮಿಂಗಿಲದ ದವಡೆಯ ಮೂಳೆಯ ಪಕ್ಕ ಜಾಗವಿದೆ ಎಂದು ಬಹಳ ಮರ್ಯಾದೆಯಿಂದ ತೋರಿಸಿದರು. ಮುಂದೆ ಕುರ್ಚಿಗಳಲ್ಲಿ ಊರಿನ ದೊಡ್ಡವರು, ನಡುವೆ ಕಮಾಂಡರರ ವಿಧವೆ, ಕಪ್ಪು ತುಪ್ಪಳ ಹೊದ್ದು. ಪರದೆ ಸರಿಯಿತು. ಚಪ್ಪಾಳೆಯಾಯಿತು. ಹಿಂದಿನಿಂದ ಬರಬೇಕಿದ್ದ ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು. ಹದಿನಾಲ್ಕು ಹ್ಯಾಟುಗಳು ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಗಾಜಿನೊಳಗೆ ಹುಡುಕುತ್ತಿದ್ದುದು ತಿರುಗಿ ನೋಡದೆಯೂ ಅವರ ಮುಂದೆ ನಿಂತಿದ್ದ ಆಬ್ನರನ ಕತ್ತಿಗೆ ತಿಳಿಯಿತು. "ನಾಯಿ ಹಿಂದೆ ಇರ್ಬೇಕು ನೋಡ್ರೇ," ಎಂದು ಸಿಸ್ಟರ್ ಒಡೆಸ್ಸಾ ಪಿಸುಗುಟ್ಟಿದಳು. ಸಿಸ್ಟರ್ ಒಡೆಸ್ಸಾಳ ಪಿಸುಮಾತು ನಾಲ್ಕನೆಯ ಸಾಲಿಗೆ ಕೇಳಿಸುತ್ತದೆ.

ಭಾಷಣ ಮಾಡಿದ ದೊಡ್ಡ ಮನುಷ್ಯರು ಕಮಾಂಡರರನ್ನು ಮುಗಿಸಿ ನಾಲ್ವರಿಗೆ ಬಂದರು. ನಿಷ್ಠಾವಂತ ಮಿಟೆಕ್, ಧೀರ ಪುವಾಡ್ಲ, ಬಲಿಷ್ಠ ಇನುತೆಕ್. ಆಮೇಲೆ ಧ್ವನಿ ಇಳಿಸಿ, "ಮತ್ತು ಸೌಮ್ಯ ಸ್ವಭಾವದ ನಲುವಾರ," ಎಂದರು. ಆ ಹೆಸರಿನ ನಾದದಲ್ಲೇ ಹಿಮದ ಮೌನವಿದೆ ಎಂದರು. ವಿಧವೆ ಕರವಸ್ತ್ರ ತೆಗೆದರು. ಆಬ್ನರ್, ನಗು ಬಂದರೆ ಏನು ಗತಿ ಎಂದು ಮೊದಲು ಹೆದರಿದ. ನಗುವಲ್ಲ, ಬೇರೇನೋ ಬರುತ್ತಿದೆ ಎಂದು ತಿಳಿದಾಗ ಇನ್ನೂ ಹೆದರಿದ. ಅಷ್ಟರಲ್ಲಿ ಡಾಕ್ಟರ್ ವಿಟ್ಕಂಬ್, ಒಳ್ಳೆಯ ಮನುಷ್ಯ, ಒಂದು ಒಳ್ಳೆಯ ಕೆಲಸ ಮಾಡಿದರು. "ನಮಗೆಲ್ಲ ಸಹಾಯ ಮಾಡಿದ ಕಮಾಂಡರರ ಹಳೆಯ ಸೇವಕ ಇಲ್ಲೇ ಇದ್ದಾನೆ. ಆಬ್ನರ್, ಬಾ. ನಲುವಾರನ ಬಗ್ಗೆ ಎರಡು ಮಾತು ಹೇಳು," ಎಂದರು.

ಕುರ್ಚಿಗಳ ನಡುವೆ ನಡೆದು ಹೋಗುವಷ್ಟರಲ್ಲಿ ಹಿಂದುಗಡೆ ಜೀವ ಬಂತು. "ಹೇಳಿ ಬ್ರದರ್," ಎಂದರು ರೆವರೆಂಡ್ ಹಾಸ್ಕಿನ್ಸ್ ಗಟ್ಟಿಯಾಗಿಯೇ. ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ನಾನು ಆಬ್ನರ್ ಟಾಲಿವರ್, ಅಲ್ಲಿದ್ದೆ, ಮುಂದೆ ನಡೆದವನು ನಾನು, ದಾರಿ ಕಡಿದವನು ನಾನು. ನಾಲ್ಕು ವಾಕ್ಯ. ಇಪ್ಪತ್ತೈದು ವರ್ಷಕ್ಕೆ ಒಂದೇ ಸಲ ಸಿಕ್ಕಿದ ಮೆಟ್ಟಿಲು. ಅವನು ಹತ್ತಿ ನಿಂತು ಮುಂದೆ ನೋಡಿದ; ಮುಂದಿನ ಸಾಲಿನ ಮುಖಗಳಲ್ಲಿ ಆಗಲೇ ಸಿದ್ಧವಾಗಿ ನಿಂತ ಕನಿಕರ, ಹಿಂದಿನ ಸಾಲಿನಲ್ಲಿ ಹೆಮ್ಮೆ. ಎರಡಕ್ಕೂ ಬೇಕಿದ್ದವನು ಬೇರೆ ಯಾರೋ. ಗಾಜಿನ ಒಳಗೆ ಬೂಟಿನಲ್ಲಿ ಹುಲ್ಲಿಲ್ಲದ ನಾಲ್ಕನೆಯವನು ಅಚ್ಚಿನ ನಗೆ ನಗುತ್ತಿದ್ದ, ಹಲ್ಲು ಪೂರ್ತಿ ಇತ್ತು. ಹಲ್ಲು ಪೂರ್ತಿ ಇರುವುದನ್ನು ಅವನು ಈಗ ಗಮನಿಸಿದ.

"ನಲುವಾರ ಅಂದರೆ ಹೆಸರಲ್ಲ," ಎಂದ ಆಬ್ನರ್. "ಆ ಜನರ ಮಾತಲ್ಲಿ ಅದಕ್ಕೆ 'ನನಗೆ ಗೊತ್ತಿಲ್ಲ' ಅಂತ ಅರ್ಥ. ಡಾಕ್ಟರ್ ಸಾಹೇಬರು ಕೇಳಿದಾಗ ನನಗೆ ಇವನ ಹೆಸರು ನೆನಪಾಗಲಿಲ್ಲ. ಈಗಲೂ ಆಗ್ತಿಲ್ಲ. ನಾವು ಇವನನ್ನ ಮಂಗಳವಾರ ಅಂತ ಕರೀತಿದ್ದೆವು. ನನ್ನ ಪ್ರಾಣ ಉಳಿಸಿದವನು ಇವನು."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರು, ಇಬ್ಬರು, ಆಮೇಲೆ ಮುಂದೆ ಕೂತಿದ್ದವರೆಲ್ಲ, ಕುರ್ಚಿಗಳು ಕಿರುಗುಟ್ಟುವಷ್ಟು. ಅವರಲ್ಲಿ ನಗದಿದ್ದವರು ಡಾಕ್ಟರ್ ವಿಟ್ಕಂಬ್ ಒಬ್ಬರೇ. ಅವರೂ ಕೊನೆಗೆ ನಕ್ಕರು, ಬೇರೆ ದಾರಿಯಿರಲಿಲ್ಲ. ವಿಧವೆ ಎದ್ದು ಬಂದು ಆಬ್ನರನ ಕೈ ಹಿಡಿದುಕೊಂಡರು. "ನನ್ನವರು ಯಾವಾಗ್ಲೂ ಹೇಳ್ತಿದ್ದರು, ಎಂಥ ಕಷ್ಟದಲ್ಲೂ ಆಬ್ನರ್ ನಮ್ಮನ್ನ ನಗಿಸ್ತಿದ್ದ ಅಂತ. ಇವತ್ತೇ ಗೊತ್ತಾಗಿದ್ದು ನಂಗೆ." ಅವರ ಕಣ್ಣಲ್ಲಿ ಕರವಸ್ತ್ರಕ್ಕೆ ಸಿಗದ ಒಂದು ಹನಿ ಇನ್ನೂ ಇತ್ತು, ಅದು ನಲುವಾರನ ಪಾಲಿನದೋ ನಗೆಯ ಪಾಲಿನದೋ ತಿಳಿಯಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ರೆವರೆಂಡ್ ಹಾಸ್ಕಿನ್ಸ್ ಕಾಯುತ್ತಿದ್ದರು. "ಬ್ರದರ್ ಟಾಲಿವರ್, ನಮ್ಮವನೊಬ್ಬನಿಗೆ ಅಲ್ಲಿ ನಿಂತು ಮಾತಾಡೋ ಅವಕಾಶ ಯಾವಾಗ ಸಿಗುತ್ತೋ ದೇವರಿಗೇ ಗೊತ್ತು. ಸಿಕ್ಕಿದಾಗ ನೀವು ಒಬ್ಬ ಎಸ್ಕಿಮೋ ಬಗ್ಗೆ ಮಾತಾಡಿದ್ರಿ."

"ಅವನ ಬಗ್ಗೆ ಮಾತಾಡು ಅಂತಲೇ ಕೇಳಿದ್ರು ರೆವರೆಂಡ್."

"ಫರೋಹ ಏನು ಕೇಳ್ತಾನೋ ಅದನ್ನೇ ಹೇಳಿದ್ರೆ ಮೋಶೆ ಯಾಕ್ರಿ ಬೇಕು?"

"ಬಿಡಿ ರೆವರೆಂಡ್," ಎಂದಳು ಸಿಸ್ಟರ್ ಒಡೆಸ್ಸಾ. "ಜನರನ್ನ ನಗಿಸಿದರಲ್ಲ, ಅಷ್ಟಾದ್ರೂ ಆಯ್ತು. ಸರ್ಕಸ್ಸಿಗೆ ಸೇರಿದ್ರೂ ಇಷ್ಟು ಜನ ಸೇರ್ತಿರಲಿಲ್ಲ."

ಟ್ರಾಮಿನಲ್ಲಿ ಲವಿನಿಯಾ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಎಂಟು ನಿಲ್ದಾಣ ದಾಟಿದ ಮೇಲೆ, "ಮಿಸ್ಟರ್ ಟಾಲಿವರ್," ಎಂದಳು. ಸಿಟ್ಟು ಬಂದಾಗ ಮಾತ್ರ ಅವಳಿಗೆ ಅವನು ಮಿಸ್ಟರ್ ಟಾಲಿವರ್. "ಅಲ್ಲಿ ನೀವಿಲ್ಲ ಅಂತ ಮೂರು ವಾರದ ಹಿಂದೇನೇ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ನಾನು ಹೊಸ ಹ್ಯಾಟು ತಗೊಂಡೆ." ಅಷ್ಟು ಹೇಳಿ ಅವಳು ಮತ್ತೆ ಕಿಟಕಿಗೆ ತಿರುಗಿದಳು. ಹೊಡೆದಿದ್ದರೆ ಇದಕ್ಕಿಂತ ಸುಲಭವಾಗುತ್ತಿತ್ತು ಎಂದು ಆಬ್ನರನಿಗೆ ಅನ್ನಿಸಿತು.

ಆ ಚಳಿಗಾಲ ಪೂರ್ತಿ ಅವನು ಹೆಸರು ಹುಡುಕಿದ. ಲಿಫ್ಟು ಒಂದೊಂದು ಮಹಡಿ ಏರುವಾಗ ಒಂದೊಂದು ಅಕ್ಷರ ಹಿಡಿದು ಅದರಿಂದ ಶುರುವಾಗುವ ಆ ಭಾಷೆಯ ಹೆಸರುಗಳನ್ನೆಲ್ಲ ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಬಾತುಕೋಳಿ, ಗಲ್ಲದೆಲುಬು, ತಂದೆಯ ತಂದೆ, ಈಟಿಯ ತುದಿ. ಅಲ್ಲಿ ಯಾವುದು ಬೇಕಾದರೂ ಮನುಷ್ಯನ ಹೆಸರಾಗಬಹುದಿತ್ತು. ಒಮ್ಮೆ ಆರನೆಯ ಮಹಡಿಯಲ್ಲಿ ಸಿಕ್ಕಿತು ಎನಿಸಿ ಬಾಗಿಲು ತೆರೆಯದೆ ನಿಂತ, ಒಳಗಿದ್ದವರು ಗೊಣಗಿದರು, ಸಿಕ್ಕಿದ್ದು ಒಂದು ನಾಯಿಯ ಹೆಸರು. ನಾಯಿಯ ಹೆಸರು ನೆನಪಿದೆ. ಹದಿನೆಂಟು ನಾಯಿಗಳ ಹೆಸರೂ ನೆನಪಿದೆ. ಅವುಗಳ ಹೆಸರು ಸರಿಯಾಗಿ ಕೂಗದಿದ್ದರೆ ಅವು ಎಳೆಯುವುದಿಲ್ಲ. ಮನುಷ್ಯನಾದರೆ ಮಂಗಳವಾರ ಎಂದರೂ ಎಳೆಯುತ್ತಾನೆ, ಹುಡುಗ ಎಂದರೂ ಎಳೆಯುತ್ತಾನೆ. ಈ ಯೋಚನೆ ಬಂದ ದಿನ ಮಿಸ್ಟರ್ ಕ್ರೇನ್ ಚಳಿಯ ಬಗ್ಗೆ ಕೇಳಿದಾಗ ಆಬ್ನರ್ ಉತ್ತರ ಕೊಡಲಿಲ್ಲ. "ಹುಷಾರಿಲ್ವೇನಯ್ಯ?" ಎಂದರು ಮಿಸ್ಟರ್ ಕ್ರೇನ್, ನಿಜವಾದ ಕಾಳಜಿಯಿಂದ. ಮಾರನೆಯ ದಿನದಿಂದ ಅವನು ಮತ್ತೆ ಹದಿನಾಲ್ಕನೇ ಮಹಡಿಯ ಚಳಿ ವರದಿ ಮಾಡಿದ.

ರೆವರೆಂಡ್ ಹಾಸ್ಕಿನ್ಸ್ ಸುಮ್ಮನೆ ಕೂರಲಿಲ್ಲ. ಸಮಿತಿ ಮಾಡಿದರು, ಆಬ್ನರನ ಗೊಂಬೆಯೂ ಬೇಕೆಂದು ಸಂಗ್ರಹಾಲಯಕ್ಕೆ ಬರೆದರು, ಕರಿಯರ ವಾರಪತ್ರಿಕೆಗೆ ಬರೆದರು. ಮಾರ್ಚಿ ತಿಂಗಳಲ್ಲಿ ಆಬ್ನರನಿಗೆ ಡಾಕ್ಟರ್ ವಿಟ್ಕಂಬರ ಪತ್ರ ಬಂತು, ನಾಲ್ಕು ಪುಟ, ಎಲ್ಲ ಕಡೆಯೂ ಸೌಜನ್ಯ. ಆಡಳಿತ ಮಂಡಳಿ ಸಂತೋಷದಿಂದ ಒಪ್ಪಿದೆ. ಹೊಸ ಗೊಂಬೆ ಮಾಡಲು ವರ್ಷ ಹಿಡಿಯುತ್ತದೆ, ಗಾಜಿನೊಳಗೆ ಜಾಗವೂ ಇಲ್ಲ. ಆದರೆ ನಾಲ್ಕನೆಯ ಗೊಂಬೆಗೆ ಹೆಸರಿಲ್ಲವೆಂದು ನೀನೇ ಸಭೆಯಲ್ಲಿ ಹೇಳಿದ್ದೀಯ. ಆದ್ದರಿಂದ ಆ ಗೊಂಬೆಯ ಮುಖಕ್ಕೆ ಇನ್ನೆರಡು ಪದರ ಬಣ್ಣ ಕೊಟ್ಟು, ಕೂದಲು ಸ್ವಲ್ಪ ಗುಂಗುರು ಮಾಡಿ, ತಗಡಿನ ಮೇಲೆ ನಿನ್ನ ಹೆಸರು ಕೆತ್ತಿಸುವುದೆಂದು ತೀರ್ಮಾನವಾಗಿದೆ. ಒಪ್ಪಿಗೆ ಇದ್ದರೆ ಕೆಳಗೆ ಸಹಿ ಮಾಡಿ ಕಳಿಸು.

ಲವಿನಿಯಾ ಅದನ್ನು ಗಟ್ಟಿಯಾಗಿ ಓದಿದಳು, ಮಡಿಚಿದಳು, ಜೋಳದ ರೊಟ್ಟಿಯ ತಟ್ಟೆಯ ಪಕ್ಕ ಇಟ್ಟಳು. "ಸಹಿ ಹಾಕು ಆಬ್ನರ್," ಎಂದಳು. ತಿಂಗಳುಗಳ ಮೇಲೆ ಅವನು ಮತ್ತೆ ಆಬ್ನರ್ ಆಗಿದ್ದ.

"ಅದು ನಾನಲ್ಲ ವಿನಿ."

"ಕಮಾಂಡರ್ ಕೂಡ ಕಮಾಂಡರ್ ಅಲ್ಲ, ಮೇಣ. ನಿನ್ನ ಹೆಸರು ಒಂದು ಕಡೆ ಇರ್ಲಿ ಅನ್ನೋದು ತಪ್ಪಾ? ನಾಳೆ ನೀನು ಹೋದ ಮೇಲೆ ನಾನೆಲ್ಲಿಗೆ ಹೋಗಿ ನೋಡ್ಲಿ?"

ಆಗ ಅವನು ಹೇಳಿದ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಹೇಳದಿದ್ದ ಸಂಗತಿ: ನೀರು, ತಲೆಗೂದಲು, ಹೊಟ್ಟೆ, ಪೋಲಿ ಕತೆ. ಲವಿನಿಯಾ ರೊಟ್ಟಿ ಮುರಿಯದೆ ಕೇಳಿದಳು. ಬಗ್ಗಿ ಮೇಜಿನ ಕೆಳಗೆ ಅವನ ಪಾದಗಳನ್ನು ನೋಡಿದಳು, ಇಷ್ಟು ವರ್ಷ ತಾನು ಒಗೆದ ಕಾಲುಚೀಲಗಳೊಳಗೆ ಇದ್ದ ಪಾದಗಳನ್ನು, ಯಾರದೋ ಎಂಬಂತೆ.

"ನಿನ್ನ ಎರಡು ಕಾಲು ಉಳಿಸಿದವನು."

"ಹೌದು."

"ಹೆಸರು ಗೊತ್ತಿಲ್ಲ."

"ಇಲ್ಲ."

ಅವಳು ಪತ್ರವನ್ನು ಅವನ ಕಡೆ ಒಂದು ಗೇಣು ತಳ್ಳಿದಳು. "ಹಾಗಾದ್ರೆ ನಾನು ಹಾಕು ಅನ್ನಲ್ಲ, ಬೇಡ ಅನ್ನಲ್ಲ. ಹಾಕಿದ್ರೆ ನೀನು ಹಾಕಿದ್ದು. ಹೆಂಡತಿ ಹಾಕಿಸಿದಳು ಅಂತ ನನ್ನ ಮೇಲೆ ಹೊರಿಸಬೇಡ."

ಎರಡು ದಿನ ಪತ್ರ ಅವನ ಜೇಬಿನಲ್ಲಿ ಏರಿತು, ಇಳಿಯಿತು. ಹಾಕುವುದಿಲ್ಲ ಎಂದು ಬರೆದರೆ ತಗಡು ಖಾಲಿ ಉಳಿಯುತ್ತದೆ. ಖಾಲಿ ತಗಡಿನಿಂದ ಮಂಗಳವಾರನಿಗೆ ಏನು ಬಂತು? ಅವನಿಗೆ ಹೆಸರು ಕೊಡಲಾಗದವನು ಜಾಗ ಬಿಟ್ಟುಕೊಟ್ಟು ಯಾರನ್ನು ಉದ್ಧಾರ ಮಾಡಿದ ಹಾಗಾಯಿತು? ವಾದ ಚೆನ್ನಾಗಿತ್ತು. ಇಷ್ಟು ಚೆನ್ನಾದ ವಾದಗಳು ಕಮಾಂಡರರಿಗೂ ಹೀಗೇ ಸಲೀಸಾಗಿ ಬರುತ್ತಿದ್ದವು ಎಂದು ಅವನಿಗೆ ನೆನಪಾಯಿತು. ಮೂರನೆಯ ದಿನ, ಲಿಫ್ಟು ಖಾಲಿಯಿದ್ದಾಗ, ಎಂಟು ಮತ್ತು ಒಂಬತ್ತನೆಯ ಮಹಡಿಗಳ ನಡುವೆ ನಿಲ್ಲಿಸಿ, ಪತ್ರವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದ. ಮೇಲೂ ಕೆಳಗೂ ಯಾರೋ ಗಂಟೆ ಒತ್ತುತ್ತಿದ್ದರು. ಸಹಿ ಅವನ ಜೀವನದಲ್ಲೇ ಅತಿ ಅಂದವಾಗಿ ಬಂದಿತ್ತು.

ಈಸ್ಟರ್ ಕಳೆದ ಭಾನುವಾರ ಆರಾಧನೆ ಮುಗಿಸಿ ಇಡೀ ಮೌಂಟ್ ನೆಬೋ ಸಂಗ್ರಹಾಲಯಕ್ಕೆ ನಡೆಯಿತು. ಈ ಸಲ ಗಾಜಿನ ಎದುರಿಗೇ ನಿಂತರು. ಗಾಜಿನ ಕೆಳಗೆ, ಹೊರಗಡೆ, ಹೊಸ ತಗಡು ಹೊಳೆಯುತ್ತಿತ್ತು, ಆಬ್ನರ್ ಟಾಲಿವರ್ ಎಂದು. ಅದರ ಮೇಲ್ಗಡೆ ಗಾಜಿನೊಳಗೆ ನಾಲ್ಕನೆಯವನು ನಿಂತಿದ್ದ, ಮುಖಕ್ಕೆ ಬೂಟಿನ ಬಣ್ಣ, ಟೊಪ್ಪಿಗೆಯ ಅಂಚಿನಲ್ಲಿ ಕುರಿಯ ಉಣ್ಣೆ. ಕಣ್ಣು ಮಾತ್ರ ಹಾಗೇ ಓರೆಯಾಗಿ ಉಳಿದಿತ್ತು. ರೆವರೆಂಡ್ ಹಾಸ್ಕಿನ್ಸ್ ಹ್ಯಾಟು ತೆಗೆದರು. ಅವರ ತುಟಿ ನಡುಗುತ್ತಿತ್ತು. ಅದು ನಟನೆಯಲ್ಲ ಎಂದು ಆಬ್ನರನಿಗೆ ಗೊತ್ತಾಯಿತು, ಅದೇ ಅವನಿಗೆ ಸಹಿಸಲು ಕಷ್ಟವಾದದ್ದು. ಒಬ್ಬಳು ತೊಂಬತ್ತರ ಅಜ್ಜಿ, ಗುಲಾಮಳಾಗಿ, ಇನ್ನೊಬ್ಬರ ಸ್ವತ್ತಾಗಿ ಹುಟ್ಟಿದವಳು, ತಗಡಿನ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದಳು. ಓದು ಬರದವಳು. "ಇದು ನಮ್ಮದಾ?" ಎಂದು ಕೇಳಿದಳು. "ನಮ್ಮದೇ ತಾಯಿ," ಎಂದರು ರೆವರೆಂಡ್.

"ಮೂಗು ಅಂತೂ ಥೇಟು ನಿಮ್ಮದೇ ಬ್ರದರ್ ಟಾಲಿವರ್," ಎಂದಳು ಸಿಸ್ಟರ್ ಒಡೆಸ್ಸಾ. "ಆಗ ಸ್ವಲ್ಪ ಕುಳ್ಳಗಿದ್ರಾ ನೀವು?"

ಆಬ್ನರ್ ಲವಿನಿಯಾಳ ಕಡೆ ನೋಡಿದ. ಅವಳು ಅದೇ ಹ್ಯಾಟು ಹಾಕಿಕೊಂಡು ಬಂದಿದ್ದಳು. ಅವಳ ದೃಷ್ಟಿ ಗೊಂಬೆಯ ಮುಖದ ಮೇಲಿರಲಿಲ್ಲ, ತುಪ್ಪಳದ ಅಂಗಿ ಮುಚ್ಚಿದ್ದ ಹೊಟ್ಟೆಯ ಮೇಲಿತ್ತು. ಅವಳು ಏನೂ ಹೇಳಲಿಲ್ಲ. ಹೇಳುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು.

"ಹೌದು ಸಿಸ್ಟರ್," ಎಂದ ಆಬ್ನರ್. "ಸ್ವಲ್ಪ ಕುಳ್ಳಗಿದ್ದೆ."

ವಾರಪತ್ರಿಕೆಯ ಛಾಯಾಗ್ರಾಹಕ ಮೂರು ಕಾಲಿನ ಕ್ಯಾಮೆರಾ ಇಟ್ಟುಕೊಂಡು ಕಾಯುತ್ತಿದ್ದ. ಗಾಜಿಗೆ ಬೆನ್ನು ಕೊಟ್ಟು ಎಲ್ಲರೂ ಸಾಲಾಗಿ ನಿಂತರು, ನಡುವೆ ಆಬ್ನರ್, ಒಂದು ಪಕ್ಕ ರೆವರೆಂಡ್, ಇನ್ನೊಂದು ಪಕ್ಕ ಅಜ್ಜಿ. ಛಾಯಾಗ್ರಾಹಕ ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು ಕೈಬೀಸಿದ. "ಮಿಸ್ಟರ್ ಟಾಲಿವರ್, ಒಂದು ಹೆಜ್ಜೆ ಎಡಕ್ಕೆ ಬನ್ನಿ. ಹಿಂದಿರೋನ ಮುಖಕ್ಕೆ ಪೂರ್ತಿ ಅಡ್ಡ ನಿಂತಿದೀರಿ ನೀವು."

"ಇರ್ಲಿ ಬಿಡಯ್ಯ," ಎಂದರು ರೆವರೆಂಡ್ ಹಾಸ್ಕಿನ್ಸ್, ಕಣ್ಣೊರೆಸಿಕೊಳ್ಳುತ್ತ. "ಇಬ್ಬರೂ ಒಂದೇ ತಾನೆ."

ಆಬ್ನರ್ ಕದಲಲಿಲ್ಲ. ಛಾಯಾಗ್ರಾಹಕ ಮತ್ತೆ ಬಟ್ಟೆಯೊಳಗೆ ಹೋದ, ಉಸಿರು ಬಿಡಬೇಡಿ ಎಂದ.